ಫೇಲ್ ಎಂದು ಕಳಿಸುವ ಮೊದಲು: ಪರ್ಲ್ ಮಾಡ್ಯೂಲ್ ಟೆಸ್ಟ್ ಮಾಡುವುದು ಹೇಗೆ?

ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮಾಡ್ಯೂಲ್‌ಗಳ (ಯಾರೂ ಬಳಸಬಹುದಾದ ಸಿದ್ಧ ಕೋಡ್ ಕಟ್ಟುಗಳ) ಭಂಡಾರ ಸಿಪ್ಯಾನ್, 1995ರಿಂದ ನಡೆಯುತ್ತಿದೆ. ಅಲ್ಲಿಗೆ ಬಂದ ಮಾಡ್ಯೂಲನ್ನು ಬೇರೆ ಬೇರೆ ಓಎಸ್, ಬೇರೆ ಬೇರೆ ಪರ್ಲ್ ವರ್ಷನ್‌ಗಳಲ್ಲಿ ಓಡಿಸಿ ವರದಿ ಕಳಿಸುವ ಸ್ವಯಂಸೇವಕರೇ ಸಿಪ್ಯಾನ್ ಟೆಸ್ಟರ್ಸ್. ಸಂಬಳವಿಲ್ಲ, ಅರ್ಜಿ ಹಾಕಬೇಕಿಲ್ಲ. ಮಣಿಪಾಲ, ಸುರತ್ಕಲ್ ಕಡೆಯ ಹಾಸ್ಟೆಲ್ ರೂಮಿನಲ್ಲಿ ಮೂಲೆಗೆ ಬಿದ್ದ ಲ್ಯಾಪ್‌ಟಾಪ್ ಇದ್ದರೂ ನಡೆಯುತ್ತದೆ. ಹೊಸಬರು ಎಡವುವುದು ಒಂದೇ ಕಡೆ: ತಮ್ಮ ಮೆಷಿನಿನ ದೋಷವನ್ನು ಮಾಡ್ಯೂಲಿನ ತಲೆಗೆ ಕಟ್ಟುತ್ತಾರೆ.

ಮೊದಲು ಟೆಸ್ಟಿಂಗ್‌ಗೆಂದೇ ಬೇರೆ ಯೂಸರ್ ಅಕೌಂಟ್ ಮಾಡಿ. ಟೆಸ್ಟ್ ಎಂದರೆ ಗುರುತಿಲ್ಲದವರ ಕೋಡನ್ನು ನಿಮ್ಮ ಮೆಷಿನಿನಲ್ಲಿ ಓಡಿಸುವುದು. ಆ ಅಕೌಂಟಿಗೆ ಸುಡೊ (ಅಡ್ಮಿನ್ ಅಧಿಕಾರ) ಬೇಡ, ಬೇರೆ ಮೆಷಿನ್‌ಗಳಿಗೆ ಲಾಗಿನ್ ಆಗುವ ಎಸ್‌ಎಸ್‌ಎಚ್ ಕೀ ಅಂತೂ ಬೇಡವೇ ಬೇಡ.

ಲಿನಕ್ಸ್ ಜೊತೆಗೆ ಬಂದ ಪರ್ಲನ್ನು ಮುಟ್ಟಬೇಡಿ. ಒಂದೇ ಮೆಷಿನಿನಲ್ಲಿ ಹಲವು ಪರ್ಲ್ ವರ್ಷನ್ ಇಟ್ಟುಕೊಳ್ಳಲು ನೆರವಾಗುವ ಪರ್ಲ್‌ಬ್ರೂ ಹಾಕಿಕೊಂಡು 5.16, 5.18, 5.26 ಮತ್ತು ಈಗಿನ ಸ್ಥಿರ ವರ್ಷನ್ ಕಂಪೈಲ್ ಮಾಡಿ. ಚುಕ್ಕೆಯ ನಂತರದ ಸಂಖ್ಯೆ ಸಮಸಂಖ್ಯೆಯಾದರೆ ಸ್ಥಿರ, ಬೆಸವಾದರೆ ಪ್ರಯೋಗದ್ದು. ಈ ಆಯ್ಕೆಗೆ ಕಾರಣವಿದೆ: 5.18ರಲ್ಲಿ ಹ್ಯಾಶ್‌ನ (ಹೆಸರು-ಬೆಲೆ ಜೋಡಿಗಳ ಪಟ್ಟಿಯ) ಕ್ರಮ ಪ್ರೋಗ್ರಾಂ ಓಡಿಸಿದ ಪ್ರತಿ ಸಲವೂ ಬದಲಾಗುವಂತಾಯಿತು, 5.26ರಲ್ಲಿ ಮಾಡ್ಯೂಲ್ ಹುಡುಕುವ ಜಾಗಗಳಿಂದ ಸದ್ಯದ ಫೋಲ್ಡರನ್ನು ತೆಗೆದರು. ಹಳೇ ಮಾಡ್ಯೂಲ್‌ಗಳು ಮುಗ್ಗರಿಸುವುದು ಈ ಎರಡು ಹೊಸ್ತಿಲಲ್ಲೇ.

ಸಿಪ್ಯಾನ್‌ನಿಂದ ಮಾಡ್ಯೂಲ್ ಇಳಿಸಿ ಹಾಕುವ ಸಿಪ್ಯಾನ್‌ಎಮ್ ಎಂಬ ಕಮಾಂಡಿನಿಂದ, ಇನ್‌ಸ್ಟಾಲ್ ಮಾಡದೆ ಪರೀಕ್ಷೆ ಮಾತ್ರ ಮಾಡುವ 'ಟೆಸ್ಟ್ ಓನ್ಲಿ' ಆಯ್ಕೆಯಲ್ಲಿ ಓಡಿಸಿ. ವರದಿಗೆ ಸಿಪ್ಯಾನ್‌ಎಮ್ ರಿಪೋರ್ಟರ್ ವಾಸಿ. ಅದು ಬಿಲ್ಡ್ ಲಾಗ್ (ಓಡಿಸಿದಾಗ ಏನಾಯಿತೆಂದು ದಾಖಲಾಗುವ ಫೈಲ್) ಓದಿ ಆಮೇಲೆ ಕಳಿಸುವುದರಿಂದ ನಡುವೆ ನೋಡಲು ನಿಮಗೆ ಸಮಯ ಸಿಗುತ್ತದೆ. ಮುಂದಿನ ಮಾಡ್ಯೂಲ್ ಓಡಿಸಿದರೆ ಲಾಗ್ ಹೊಸತಾಗುತ್ತದೆ, ಆದ್ದರಿಂದ ಒಂದು ಮುಗಿಸಿಯೇ ಇನ್ನೊಂದಕ್ಕೆ ಹೋಗಿ.

ಪಾಸ್ ಬಂತೇ? ಕಳಿಸಿ, ಮುಗಿಯಿತು. ಎನ್‌ಎ ಎಂದರೆ ಆ ಓಎಸ್‌ಗೋ ವರ್ಷನ್‌ಗೋ ಅದು ಒಗ್ಗುವುದಿಲ್ಲ ಎಂದರ್ಥ. ಟೆಸ್ಟೇ ಇಲ್ಲದಿದ್ದರೆ ಅನ್‌ನೋನ್.

ಫೇಲ್ ಬಂದರೆ ಅವಸರ ಬೇಡ ಮಾರಾಯ್ರೆ. ಬಿದ್ದ ಟೆಸ್ಟ್ ಫೈಲೊಂದನ್ನೇ ಪರ್ಲ್ ಟೆಸ್ಟ್ ಓಡಿಸುವ 'ಪ್ರೂವ್' ಕಮಾಂಡಿಗೆ ಬಿ ಮತ್ತು ವಿ ಸ್ವಿಚ್ ಕೊಟ್ಟು ಐದಾರು ಸಲ ಓಡಿಸಿ. ಒಮ್ಮೆ ಪಾಸ್, ಒಮ್ಮೆ ಫೇಲ್ ಆಗುತ್ತಾ, ಬೇಕಿದ್ದದ್ದು 'ಎ, ಬಿ', ಬಂದದ್ದು 'ಬಿ, ಎ' ಎಂದು ತೋರಿಸಿದರೆ ಹ್ಯಾಶ್ ಕ್ರಮವನ್ನು ನಂಬಿ ಬರೆದ ಟೆಸ್ಟ್ ಅದು. ಮಾಡ್ಯೂಲಿನ ಕಡೆಯದೇ ತಪ್ಪು, ಕಳಿಸಿ.

ದಿನಾಂಕ, ಸಮಯದ ಟೆಸ್ಟ್ ಬಿದ್ದರೆ ಟೈಮ್‌ಝೋನನ್ನು ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಮಾಡಿ ಇನ್ನೊಮ್ಮೆ ನೋಡಿ. ಆಗ ಪಾಸಾದರೆ ನಮ್ಮ ಐದೂವರೆ ಗಂಟೆಯ 'ಅರ್ಧ'ವನ್ನು ಬರೆದವರು ಎಣಿಸಿಲ್ಲ ಎಂದು ಸಂಶಯಪಡಬಹುದು. ಗಡಿಯಾರ ಪೂರ್ತಿ ಗಂಟೆಯ ಲೆಕ್ಕದಲ್ಲಿ ಓಡುವ ಊರಿನವರಿಗೆ ಇದು ಕಾಣುವುದೇ ಇಲ್ಲ. ಇಂಥದ್ದನ್ನು ಬಿಡಬೇಡಿ.

ಕಳಿಸಬಾರದ ಫೇಲ್‌ಗಳೂ ಇವೆ. ಓದಲು ಅನುಮತಿ ಇಲ್ಲದ ಫೈಲ್ ತೆರೆಯಬಾರದು ಎಂದು ಪರೀಕ್ಷಿಸುವ ಟೆಸ್ಟ್, ಎಲ್ಲ ಅಧಿಕಾರವಿರುವ ರೂಟ್ ಅಕೌಂಟಿನಲ್ಲಿ ಓಡಿಸಿದರೆ ಬೀಳುತ್ತದೆ. ರೂಟ್‌ಗೆ ಎಲ್ಲವೂ ತೆರೆಯುತ್ತದಲ್ಲ! ಸುಲಭವೆಂದು ಡಾಕರ್ (ಪ್ರೋಗ್ರಾಂಗಳನ್ನು ಪ್ರತ್ಯೇಕ ಪೆಟ್ಟಿಗೆಯೊಳಗೆ ಓಡಿಸುವ ಸಾಧನ) ಹಿಡಿದವರು ಇಲ್ಲೇ ಸಿಕ್ಕಿಬೀಳುವುದು: ಬೇರೆ ಹೇಳದಿದ್ದರೆ ಅದರೊಳಗೆ ನೀವು ರೂಟೇ. ಟೆಂಪ್ ಫೋಲ್ಡರಿನ ಡಿಸ್ಕ್ ತುಂಬಿದರೂ ಫೇಲ್. ವಿಂಡೋಸ್‌ನಲ್ಲಿ ಆಂಟಿವೈರಸ್ ತಾತ್ಕಾಲಿಕ ಫೈಲನ್ನು ಹಿಡಿದುಕೊಂಡರೆ ಅಳಿಸಲಾಗದೆ ಫೇಲ್; ಲ್ಯಾಪ್‌ಟಾಪ್ ಜೊತೆ ಪುಕ್ಕಟೆ ಬರುವ ಟ್ರಯಲ್ ಆಂಟಿವೈರಸ್ ಇದ್ದರೆ ಮೊದಲು ಕಿತ್ತುಹಾಕಿ. ಮಾಡ್ಯೂಲ್‌ಗಳನ್ನು ಎಲ್ಲೆಲ್ಲಿ ಹುಡುಕಬೇಕೆಂದು ಪರ್ಲ್‌ಗೆ ಹೇಳುವ ಪರ್ಲ್5ಲಿಬ್ ವೇರಿಯಬಲ್ ಬೇರೆ ವರ್ಷನ್ನಿನ ಮಾಡ್ಯೂಲ್‌ಗಳತ್ತ ಕೈ ತೋರಿಸುತ್ತಿದ್ದರೆ ಫಲಿತಾಂಶಕ್ಕೆ ಅರ್ಥವೇ ಇಲ್ಲ. ಅದನ್ನು ಖಾಲಿ ಮಾಡಿ. ಮಳೆಗಾಲದಲ್ಲಿ ಸಿಡಿಲಿಗೆ ಕರೆಂಟು ಹೋಗಿ ಬಿಲ್ಡ್ ಅರ್ಧಕ್ಕೆ ನಿಂತಿತೇ? ಅಲ್ಲಿಂದಲೇ ಮುಂದುವರಿಸುವ ಆಸೆ ಬಿಡಿ, ಆ ಫೋಲ್ಡರ್ ಅಳಿಸಿ ಮೊದಲಿಂದ ಮಾಡಿ.

ರಾತ್ರಿಯಿಡೀ ತನ್ನಷ್ಟಕ್ಕೆ ಓಡಲು ಬಿಡುವುದಾದರೆ 'ಆಟೊಮೇಟೆಡ್ ಟೆಸ್ಟಿಂಗ್' ವೇರಿಯಬಲ್‌ಗೆ 1 ಕೊಡಿ. ಇಲ್ಲದಿದ್ದರೆ ಯಾವುದೋ ಮಾಡ್ಯೂಲ್ ಏನೋ ಪ್ರಶ್ನೆ ಕೇಳಿ ಬೆಳಗಿನವರೆಗೂ ಉತ್ತರಕ್ಕೆ ಕಾಯುತ್ತಾ ಕೂರುತ್ತದೆ.

ವರದಿಯಲ್ಲಿ ದಿನಾ ನೋಡುವ ಇಮೇಲ್ ಕೊಡಿ. ಮಾಡ್ಯೂಲ್ ಬರೆದವರು ಇನ್ನೊಮ್ಮೆ ಓಡಿಸಿ ನೋಡಿ ಎಂದು ಕೇಳಬಹುದು. ಆದ್ದರಿಂದ ಫೇಲ್ ಕಳಿಸಿದ ಪರ್ಲನ್ನು ಎರಡು ವಾರವಾದರೂ ಅಳಿಸದೆ ಇಟ್ಟುಕೊಳ್ಳಿ.