‘ನೋಡಬೇಕು’ ಅಂದರೆ ಯಾರು ನೋಡಬೇಕು?

ನಾನು ನರ್ಸ್. ವರ್ಷಗಟ್ಟಲೆ ವಾರ್ಡಿನಲ್ಲಿ ದುಡಿದ ಮೇಲೆ ಈ ಕೆಲಸಕ್ಕೆ ಬಂದೆ. ಡಿಸ್ಚಾರ್ಜ್ ಆಗಿ ಮನೆಗೆ ಹೋಗುವವರ ಮುಂದಿನ ಆರೈಕೆ ಎಲ್ಲೂ ಕಡಿದುಹೋಗದ ಹಾಗೆ ನೋಡಿಕೊಳ್ಳುವುದು ನನ್ನ ಪಾಲು. ಹೃದಯ, ಕಿಡ್ನಿ, ಸಕ್ಕರೆ ಕಾಯಿಲೆ ಒಟ್ಟಿಗೆ ಇರುವವರೇ ಜಾಸ್ತಿ. ಒಬ್ಬರಿಗೆ ಮೂರ್ನಾಲ್ಕು ಡಾಕ್ಟರು, ಜೊತೆಗೆ ಫಿಸಿಯೋಥೆರಪಿ, ಲ್ಯಾಬು, ಔಷಧಿ ಅಂಗಡಿ.

ಶುರುವಿನ ದಿನಗಳ ಒಂದು ಪ್ರಸಂಗ ನನ್ನ ಕೆಲಸದ ರೀತಿಯನ್ನೇ ಬದಲಿಸಿತು. ವಯಸ್ಸಾದ ಒಬ್ಬರು ಹೃದಯ ಸೋತು, ಕಾಲು ಊದಿಕೊಂಡು ಅಡ್ಮಿಟ್ ಆಗಿದ್ದರು. ಮೊದಲಿಂದಲೂ ಎನಾಲಪ್ರಿಲ್ ತೆಗೆದುಕೊಳ್ಳುತ್ತಿದ್ದರು. ಮನೆಗೆ ಹೋಗುವಾಗ ಸ್ಪೈರನೊಲ್ಯಾಕ್ಟೋನ್ ಸೇರಿತು. ಎರಡೂ ಹೃದಯಕ್ಕೆ ಒಳ್ಳೆಯ ಮಾತ್ರೆಗಳೇ. ಆದರೆ ಎರಡೂ ರಕ್ತದ ಪೊಟ್ಯಾಸಿಯಂ ಏರಿಸುತ್ತವೆ, ಕಿಡ್ನಿ ದುರ್ಬಲವಾಗಿದ್ದರೆ ಇನ್ನೂ ಜಾಸ್ತಿ. ಅದು ತೀರಾ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಅದಕ್ಕೇ ಡಿಸ್ಚಾರ್ಜ್ ಪತ್ರದಲ್ಲಿ ಸರಿಯಾಗಿಯೇ ಬರೆದಿತ್ತು: ‘ಒಂದು ವಾರದಲ್ಲಿ ಪೊಟ್ಯಾಸಿಯಂ, ಕ್ರಿಯೇಟಿನಿನ್ ನೋಡಬೇಕು.’ ಕ್ರಿಯೇಟಿನಿನ್ ಅಂದರೆ ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತ ಪರೀಕ್ಷೆ.

ನೋಡಬೇಕು, ಸರಿ. ಯಾರು? ಮನೆ ಹತ್ತಿರದ ಡಾಕ್ಟರು ನೋಡುತ್ತಾರೆ ಅಂತ ಹೃದಯದ ಡಾಕ್ಟರು ಅಂದುಕೊಂಡರು. ಆ ಡಾಕ್ಟರಿಗೆ ಪತ್ರವೇ ತಲುಪಿರಲಿಲ್ಲ. ಆಸ್ಪತ್ರೆಯವರೇ ಫೋನ್ ಮಾಡುತ್ತಾರೆ ಅಂತ ಮಗ ಕಾದ. ಬರೆದಿದೆಯಲ್ಲ, ಆಗುತ್ತೆ ಅಂತ ನಾನು ಸುಮ್ನಿದ್ದೆ. ಈ ಮಧ್ಯೆ ಮಂಡಿ ನೋವಿಗೆ ಇನ್ನೊಬ್ಬ ಡಾಕ್ಟರು ಡೈಕ್ಲೋಫೆನಾಕ್ ಕೊಟ್ಟಿದ್ದರು. ಅದು ಕಿಡ್ನಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತದೆ. 12ನೇ ದಿನ ‘ಕಾಲಲ್ಲಿ ಶಕ್ತಿಯೇ ಇಲ್ಲ’ ಎಂದು ಕರೆದುಕೊಂಡು ಬಂದರು. ಹೆಚ್ಚೆಂದರೆ 5ರ ಆಸುಪಾಸಿನಲ್ಲಿ ನಿಲ್ಲಬೇಕಾದ ಪೊಟ್ಯಾಸಿಯಂ 6.4 ಆಗಿತ್ತು. ಇಸಿಜಿಯೂ ಬದಲಾಗಿತ್ತು. ಅವರು ಉಳಿದರು. ಆದರೆ ಆ ರಾತ್ರಿ ಮಾನಿಟರ್ ಮುಂದೆ ಕೂತಿದ್ದು ನನಗೆ ಮರೆಯುವುದಿಲ್ಲ.

ಯಾರೊಬ್ಬರೂ ಬೇಜವಾಬ್ದಾರಿ ಮಾಡಿರಲಿಲ್ಲ. ‘ನೋಡಬೇಕು’, ‘ಮಾಡಿಸಬೇಕು’ ಅನ್ನುವ ಮಾತಿಗೆ ನಮ್ಮಲ್ಲಿ ಕರ್ತೃವೇ ಬೇಕಿಲ್ಲ ಅಲ್ವಾ? ಹೆಸರಿಲ್ಲದೆಯೂ ವಾಕ್ಯ ಪೂರ್ತಿಯಾಗಿಬಿಡುತ್ತದೆ. ಅವತ್ತಿನಿಂದ ಅಂಥ ವಾಕ್ಯ ಕಂಡರೆ ನಾನು ಡಿಸ್ಚಾರ್ಜ್ ಪತ್ರವನ್ನು ವಾಪಸ್ ಕೊಡುತ್ತೇನೆ. ರಕ್ತ ಯಾರು ತೆಗೆಸುತ್ತಾರೆ, ಯಾವ ತಾರೀಖಿಗೆ, ರಿಪೋರ್ಟ್ ಯಾರ ಕೈಗೆ ಹೋಗುತ್ತದೆ, ಪೊಟ್ಯಾಸಿಯಂ 5.5 ದಾಟಿದರೆ ಯಾರಿಗೆ ಫೋನ್ ಮಾಡಬೇಕು? ನಾಲ್ಕಕ್ಕೂ ಉತ್ತರ ಬೇಕು. ‘ಕಾರ್ಡಿಯಾಲಜಿ ವಿಭಾಗ’ ಅಂತ ಬರೆದರೆ ಒಪ್ಪುವುದಿಲ್ಲ. ವಿಭಾಗ ಫೋನ್ ಎತ್ತುವುದಿಲ್ಲ, ಮನುಷ್ಯರು ಎತ್ತುತ್ತಾರೆ. ಮೊದಮೊದಲು ಕೆಲವು ಡಾಕ್ಟರಿಗೆ ಕಿರಿಕಿರಿ ಆಯಿತು. ಈಗ ಅವರೇ ಹೆಸರು ಬರೆದು ಕಳಿಸುತ್ತಾರೆ.

ಮಾತ್ರೆಗಳ ಪಟ್ಟಿಯನ್ನು ಮೂರು ಭಾಗ ಮಾಡುತ್ತೇನೆ: ಮುಂದುವರಿಯುವವು, ಹೊಸವು, ನಿಂತವು. ಮೂರನೆಯದೇ ಎಲ್ಲಕ್ಕಿಂತ ಮುಖ್ಯ. ನಿಂತ ಮಾತ್ರೆಯ ಹಳೇ ಸ್ಟ್ರಿಪ್ ಮನೆಯಲ್ಲಿ ಇದ್ದೇ ಇರುತ್ತದೆ. ಯಾಕೆ ನಿಲ್ಲಿಸಿದ್ದು ಅಂತ ಗೊತ್ತಿಲ್ಲದಿದ್ದರೆ ಮತ್ತೆ ನುಂಗುತ್ತಾರೆ. ಎರಡು ಕಂಪನಿಯ ಹೆಸರಲ್ಲಿ ಒಂದೇ ಔಷಧಿಯನ್ನು ದಿನಕ್ಕೆರಡು ಸಲ ತೆಗೆದುಕೊಳ್ಳುತ್ತಿದ್ದವರನ್ನೂ ನೋಡಿದ್ದೇನೆ. ಅದಕ್ಕೇ ಮನೆಗೆ ಹೋದ ಎರಡು ದಿನದೊಳಗೆ ಫೋನ್ ಮಾಡಿ, ಇರುವ ಸ್ಟ್ರಿಪ್‌ಗಳನ್ನೆಲ್ಲ ಮುಂದಿಟ್ಟುಕೊಂಡು ಓದಿಸುತ್ತೇನೆ. ‘ಅರ್ಥ ಆಯ್ತಾ?’ ಅಂತ ಕೇಳುವುದಿಲ್ಲ. ಕೇಳಿದರೆ ಎಲ್ಲರೂ ಹೂಂ ಅಂತಾರೆ. ‘ನಾಳೆ ಬೆಳಿಗ್ಗೆ ಏನೇನು ತಗೋತೀರಿ, ಹೇಳಿ’ ಅಂತೀನಿ. ತೂಕ ಮೂರು ದಿನದಲ್ಲಿ 2 ಕಿಲೋಗಿಂತ ಜಾಸ್ತಿ ಏರಿದರೆ, ಅಂದರೆ ಮೈಯಲ್ಲಿ ನೀರು ತುಂಬುತ್ತಿರುವ ಸೂಚನೆ ಕಂಡರೆ, ಏನು ಮಾಡುತ್ತೀರಿ ಅಂತಲೂ ಅವರ ಬಾಯಿಂದಲೇ ಹೇಳಿಸುತ್ತೇನೆ.

ಕಷ್ಟದ ಭಾಗ ಬೇರೆ ಇದೆ. ನೀರು ಇಳಿಸುವ ಮಾತ್ರೆ ಕಡಿಮೆ ಮಾಡಿ ಅಂತ ಕಿಡ್ನಿ ಡಾಕ್ಟರು, ಜಾಸ್ತಿ ಮಾಡಿ ಅಂತ ಹೃದಯದ ಡಾಕ್ಟರು. ಮೊದಲು ನಾನೇ ಇವರ ಮಾತನ್ನು ಅವರಿಗೆ ದಾಟಿಸುತ್ತಿದ್ದೆ. ಅದು ತಪ್ಪು. ದಾಟಿಸುವಾಗ ಕಾರಣ ಉದುರಿಹೋಗಿ ಬರೀ ಆದೇಶ ಉಳಿಯುತ್ತದೆ. ಈಗ ಇಬ್ಬರನ್ನೂ ಒಂದೇ ಕರೆಗೆ ತರುತ್ತೇನೆ. ಶುರುವಿಗೆ ನಾಲ್ಕು ಮಾತು ನಾನು ಹೇಳುತ್ತೇನೆ: ಈಗ ಏನಾಗಿದೆ, ಹಿನ್ನೆಲೆ ಏನು, ನನಗೆ ಏನನ್ನಿಸುತ್ತದೆ, ನಿಮ್ಮಿಂದ ಏನು ಬೇಕು. ಈ ಕ್ರಮಕ್ಕೆ ಎಸ್‌ಬಾರ್ ಅಂತ ಹೆಸರು. ಅಮೆರಿಕದ ನೌಕಾಪಡೆಯಿಂದ ಆಸ್ಪತ್ರೆಗಳಿಗೆ ಬಂದದ್ದು. ಹತ್ತು ನಿಮಿಷದಲ್ಲಿ ಒಂದು ಡೋಸ್ ತೀರ್ಮಾನವಾಗುತ್ತದೆ. ಅದನ್ನು ಆಗಲೇ ಬರೆದು ಇಬ್ಬರಿಗೂ, ಮನೆಯವರಿಗೂ ಕಳಿಸುತ್ತೇನೆ.

ವಾರದ ಕೊನೆಯ ತೊಂದರೆ ಇನ್ನೂ ಪೂರ್ತಿ ಬಗೆಹರಿದಿಲ್ಲ. ಶನಿವಾರ ಸಂಜೆ ಬಂದ ರಿಪೋರ್ಟನ್ನು ಸೋಮವಾರದ ತನಕ ಯಾರೂ ತೆರೆಯದೇ ಇರಬಹುದು. ಸದ್ಯಕ್ಕೆ ಆದಷ್ಟೂ ಇಂಥ ರಕ್ತ ಪರೀಕ್ಷೆಗಳನ್ನು ಸೋಮವಾರ, ಮಂಗಳವಾರಕ್ಕೇ ಇಡುತ್ತಿದ್ದೇನೆ. ಆಗದಿದ್ದಾಗ ಲ್ಯಾಬಿನವರಿಗೆ ನನ್ನ ನಂಬರನ್ನೇ ಕೊಡುತ್ತೇನೆ.