ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಗೆಣಸು: ನಾನು ಮಾಡುವ ರೀತಿ

ನವೆಂಬರ್‌ನ ನಾಲ್ಕನೇ ಗುರುವಾರ ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬ, ಪಕ್ಕದ ಮನೆಯಲ್ಲಿ ಟರ್ಕಿ ಕೋಳಿಯ ಊಟ. ಗೆಣಸಿನ ಟ್ರೇ ಪ್ರತಿ ವರ್ಷ ನನ್ನ ಪಾಲಿಗೆ. ಅಮೆರಿಕಕ್ಕೆ ಬಂದ ಹೊಸದರಲ್ಲಿ ಗೆಣಸನ್ನು ನೀರಲ್ಲಿ ಬೇಯಿಸಿ, ಬಸಿದು, ಮೇಲೆ ಸಕ್ಕರೆ ಸುರಿದಿದ್ದೆ. ಹೊರಗೆಲ್ಲ ಸಿಹಿ, ಒಳಗೆ ಸಪ್ಪೆ. ಅವತ್ತೇ ನೀರಲ್ಲಿ ಬೇಯಿಸುವುದನ್ನು ಬಿಟ್ಟೆ.

ಕಿತ್ತಳೆ ಬಣ್ಣದ ತಿರುಳಿನ ಗೆಣಸು ತನ್ನಿ. ಇಲ್ಲಿ ಅದಕ್ಕೆ 'ಯಾಮ್' ಅಂತ ಬೋರ್ಡ್ ಹಾಕಿರುತ್ತಾರೆ. ನಿಜವಾದ ಯಾಮ್ ಬೇರೆಯೇ ಗೆಡ್ಡೆ. ಎಂಟು ಜನಕ್ಕೆ ಒಂದೂವರೆ ಕಿಲೋ ಸಾಕು.

ಸಿಪ್ಪೆ ತೆಗೆದು 2 ಸೆಂ.ಮೀ. ದಪ್ಪದ ಬಿಲ್ಲೆಗಳಾಗಿ ಹೆಚ್ಚಿ. 80 ಗ್ರಾಂ ಬೆಣ್ಣೆ ಕರಗಿಸಿ, 100 ಗ್ರಾಂ ಬ್ರೌನ್ ಶುಗರ್, ಅರ್ಧ ಟೀ ಚಮಚ ಚಕ್ಕೆ ಪುಡಿ, ಮುಕ್ಕಾಲು ಟೀ ಚಮಚ ಉಪ್ಪು, ಚೂರು ಜಾಯಿಕಾಯಿ ಸೇರಿಸಿ ಬಿಲ್ಲೆಗಳಿಗೆ ಸವರಿ. ಉಪ್ಪು ಕಡಿಮೆ ಮಾಡಬೇಡಿ.

ಈಗ ಮುಖ್ಯ ಕೆಲಸ. ಟ್ರೇಯನ್ನು ಫಾಯಿಲ್‌ನಿಂದ ಬಿಗಿಯಾಗಿ ಮುಚ್ಚಿ, ತಣ್ಣಗಿರುವ ಓವನ್‌ನಲ್ಲೇ ಇಡಿ. ಆಮೇಲೆ 350 ಡಿಗ್ರಿ ಫ್ಯಾರನ್‌ಹೀಟ್‌ಗೆ ಹಚ್ಚಿ. ಗೆಣಸಿನೊಳಗೇ ಒಂದು ಕಿಣ್ವ ಇದೆ. ಸುಮಾರು 60ರಿಂದ 75 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅದು ಹಿಟ್ಟಿನ ಅಂಶವನ್ನು ಸಕ್ಕರೆಯಾಗಿ ಒಡೆಯುತ್ತದೆ. ಬಿಸಿ ಜಾಸ್ತಿಯಾದರೆ ಕೆಲಸ ನಿಲ್ಲಿಸಿಬಿಡುತ್ತದೆ. ನಿಧಾನಕ್ಕೆ ಕಾದರೆ ಅದಕ್ಕೆ ಸಮಯ ಸಿಗುತ್ತದೆ, ಅಲ್ವಾ? ಅದಕ್ಕೇ ಇಷ್ಟು ಕಡಿಮೆ ಸಕ್ಕರೆ ಸಾಕಾಗುವುದು.

ಮುಕ್ಕಾಲು ಗಂಟೆ ಆದ ಮೇಲೆ ಚಾಕು ಚುಚ್ಚಿ ನೋಡಿ. ಸಲೀಸಾಗಿ ಇಳಿಯಬೇಕು, ಆದರೆ ಬಿಲ್ಲೆ ಮುರಿಯಬಾರದು. ಆಗ ಕಾಲು ಕಪ್ ಕಿತ್ತಳೆ ರಸ ಹಾಕಿ. ಮೊದಲೇ ಹಾಕಿದರೆ ಹುಳಿಗೆ ಗೆಣಸು ಬೇಗ ಮೆತ್ತಗಾಗುವುದಿಲ್ಲ.

ಫಾಯಿಲ್ ತೆಗೆದು 400 ಡಿಗ್ರಿ ಫ್ಯಾರನ್‌ಹೀಟ್‌ಗೆ ಏರಿಸಿ. ಹತ್ತು ನಿಮಿಷಕ್ಕೊಮ್ಮೆ ಕೆಳಗಿನ ಪಾಕವನ್ನು ಚಮಚದಲ್ಲಿ ಎತ್ತಿ ಮೇಲೆ ಸುರಿಯುತ್ತಿರಿ. ಈ ಅರ್ಧ ಗಂಟೆ ಅಡುಗೆಮನೆ ಬಿಟ್ಟು ಹೋಗಬೇಡಿ. ಪಾಕ ಜೇನಿನಷ್ಟು ಮಂದವಾಗಿ, ಬಿಲ್ಲೆಯ ಅಂಚು ಕಂದಾದರೆ ಆಯಿತು.

ಮೇಲೆ ಮಾರ್ಷ್‌ಮೆಲ್ಲೋ (ಮೆತ್ತಗಿನ ಸಕ್ಕರೆ ಮಿಠಾಯಿ) ಹಾಕುವ ಪದ್ಧತಿ ಇಲ್ಲಿ ತುಂಬಾ ಮನೆಗಳಲ್ಲಿದೆ. ನನಗೆ ಅದು ಗೆಣಸಿನ ರುಚಿಯನ್ನೇ ಮುಚ್ಚಿದಂತೆ ಅನ್ನಿಸುತ್ತದೆ. ಮಕ್ಕಳು ಕೇಳಿದರೆ ಅರ್ಧ ಟ್ರೇಗೆ ಮಾತ್ರ ಹರಡಿ, ಕೊನೆಯ ಐದು ನಿಮಿಷ ಬಿಡುತ್ತೇನೆ.

ಹಬ್ಬದ ದಿನ ಓವನ್ ಪೂರ್ತಿ ಟರ್ಕಿಯದ್ದೇ. ಹಾಗಾಗಿ ಮುಚ್ಚಿ ಬೇಯಿಸುವಷ್ಟನ್ನು ಹಿಂದಿನ ರಾತ್ರಿಯೇ ಮುಗಿಸಿ ಫ್ರಿಜ್‌ನಲ್ಲಿಡುತ್ತೇನೆ. ಬೆಳಿಗ್ಗೆ ಬೇಗ ತೆಗೆದು ಹೊರಗಿಡಬೇಡಿ, ಒಂದು ಗಂಟೆ ಮೊದಲು ತೆಗೆದರೆ ಸಾಕು. ಟರ್ಕಿ ಹೊರಬಂದು ಕತ್ತರಿಸುವ ಮೊದಲು ಹೇಗೂ ಅರ್ಧ ಗಂಟೆ ಆರಬೇಕು. ಆ ಹೊತ್ತಿಗೆ ಗೆಣಸು ಒಳಗೆ ಹೋಗುತ್ತದೆ.