ಕಬಡ್ಡಿ ಅಭ್ಯಾಸ ಮತ್ತು ಕೊರೋನಾ: ಗದಗಿನ ಅಂಕಣದಲ್ಲಿ ನನ್ನ ಅನುಭವ

ಗದಗ-ಬೆಟಗೇರಿಯಲ್ಲಿ ಹದಿಹರೆಯದ ಹುಡುಗರಿಗೆ ಕಬಡ್ಡಿ ಕಲಿಸುವ ನಾನು, 2020ರ ಮಾರ್ಚ್ 25ರಂದು ಲಾಕ್‌ಡೌನ್ ಜಾರಿಯಾದಾಗ ನಿಂತ ಅಭ್ಯಾಸವನ್ನು ಅದೇ ವರ್ಷದ ನವೆಂಬರಿನಲ್ಲಿ ಮತ್ತೆ ಆರಂಭಿಸಿದೆ. ಮೈಗೆ ಮೈ ತಾಗಿಸಿ, ಅದೂ ಗಟ್ಟಿಯಾಗಿ ಕೂಗುತ್ತಲೇ ಆಡಬೇಕಾದ ಆಟವಿದು. ಹುಡುಗರನ್ನು ಕರೆಯುವ ಮೊದಲು ಅನೇಕ ರಾತ್ರಿ ಯೋಚಿಸಿದ್ದೆ.

ಮೊದಲ ವಾರಗಳಲ್ಲಿ ನನ್ನ ಗಮನವೆಲ್ಲ ಕೈ ಮತ್ತು ಮ್ಯಾಟಿನ ಮೇಲಿತ್ತು. ಬಾಗಿಲಲ್ಲೇ ಎಲ್ಲರ ಕೈಗೆ ಸ್ಯಾನಿಟೈಜರ್ ಹಾಕಿ, ಹಾಲ್‌ನ ಮ್ಯಾಟನ್ನು ದಿನಕ್ಕೆರಡು ಸಲ ಒರೆಸಿ, ಚಳಿಗೆಂದು ಕಿಟಕಿ ಮುಚ್ಚಿ ಅಭ್ಯಾಸ ನಡೆಸುತ್ತಿದ್ದೆ. ಕಿಟಕಿ ಮುಚ್ಚಿದ್ದು ದೊಡ್ಡ ತಪ್ಪು. ಕೈ ತೊಳೆಯುವುದು ಬೇಕೇ ಬೇಕು. ಆದರೆ ಈ ವೈರಾಣು ಮುಖ್ಯವಾಗಿ ಹರಡುವುದು ಉಸಿರಿನ ಹನಿಗಳಿಂದ ಮತ್ತು ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳಿಂದ. ಕೂಗಿದಾಗ, ಏದುಸಿರು ಬಿಟ್ಟಾಗ ಅವು ಹೆಚ್ಚು ಹೊರಬೀಳುತ್ತವೆ, ಗಾಳಿಯಾಡದ ಕೋಣೆಯಲ್ಲಿ ಬಹಳ ಹೊತ್ತು ಉಳಿಯುತ್ತವೆ.

ಡಿಸೆಂಬರಿನ ಒಂದು ಸಂಜೆ, ದಾಳಿಗೆ ಹೊರಟ ಹುಡುಗನ 'ಕಬಡ್ಡಿ, ಕಬಡ್ಡಿ' ನಡುವೆಯೇ ಒಡೆಯಿತು. ಕರೆದು ಕೇಳಿದರೆ, "ಏನಿಲ್ರಿ ಸರ್, ನಿನ್ನೆ ತಣ್ಣೀರ್‌ ಜಳಕ ಮಾಡಿದ್ನಿ, ಗಂಟಲ ಕಟ್ಟೇತಿ ಅಷ್ಟ" ಎಂದ. ಮನೆಗೆ ಕಳಿಸಿದೆ, ಮೂರನೆಯ ದಿನ ಅವನ ವರದಿ ಪಾಸಿಟಿವ್ ಬಂತು, ಮುಂದಿನ ವಾರ ಇನ್ನು ಮೂವರದು. ಆ ಮೂವರೂ ಪರದೆ ಇಳಿಸಿದ ಟಂಟಂ ಆಟೋದಲ್ಲಿ ಅವನೊಂದಿಗೆ ಹಳ್ಳಿಯಿಂದ ಬರುತ್ತಿದ್ದವರು. ಅವನನ್ನು ಅಂಕಣದಲ್ಲಿ ಹಿಡಿದು ಕೆಡವಿದವರಲ್ಲಿ ಯಾರಿಗೂ ಬರಲಿಲ್ಲ. ಇಷ್ಟರಿಂದಲೇ ಆಟದಲ್ಲಿ ಅಪಾಯವಿಲ್ಲವೆಂದು ಹೇಳಲಾರೆ. ಆದರೆ ಒಂದು ದಾಳಿ 30 ಸೆಕೆಂಡಿನಲ್ಲಿ ಮುಗಿಯುತ್ತದೆ, ಟಂಟಂ ಪ್ರಯಾಣಕ್ಕೆ ಅರ್ಧ ಗಂಟೆ ಬೇಕು. ನಾನು ಅಂಕಣವನ್ನು ಕಾಯುತ್ತಿದ್ದೆ, ದಾರಿಯನ್ನು ಮರೆತಿದ್ದೆ.

ಎರಡು ವಾರ ಅಭ್ಯಾಸ ನಿಲ್ಲಿಸಿ, ಮತ್ತೆ ತೊಡಗಿದಾಗ ಹಾಲ್ ಬಿಟ್ಟು ಮಣ್ಣಿನ ಅಂಕಣಕ್ಕೆ ಬಂದೆವು. ಮೊಣಕಾಲು ತರಚಿತು, ಕೆಲವು ತಾಯಂದಿರು ಬೇಸರಪಟ್ಟರು. ಆದರೂ ಬಯಲ ಗಾಳಿಯನ್ನು ಬಿಡಲಿಲ್ಲ. ಏಳೇಳು ಜನರ ಎರಡು ತಂಡಗಳನ್ನು ಬದಲಿಸದೆ ಇಟ್ಟೆ. ಸರದಿ ಕಾಯುವವರಿಗೆ ಸುಣ್ಣದ ಪುಡಿಯಿಂದ ಎರಡು ಮೀಟರಿಗೊಂದು ಗುರುತು ಹಾಕಿದೆ. ಕಾಯುವಾಗಲೂ ಟಂಟಂನಲ್ಲೂ ಮಾಸ್ಕ್ ಕಡ್ಡಾಯ, ಟಂಟಂನ ಪರದೆ ಮೇಲಕ್ಕೆ. ದಾಳಿಯಲ್ಲಿ ಮಾತ್ರ ಮಾಸ್ಕ್ ಬೇಡವೆಂದೆ, ಏಕೆಂದರೆ ಬೆವರಿನಲ್ಲಿ ತೊಯ್ದ ಬಟ್ಟೆ ಉಸಿರಾಟಕ್ಕೆ ತೊಡಕು. ಹರವಿಯ ಪಕ್ಕದ ಒಂದೇ ತಂಬಿಗೆ ಹೋಗಿ ಪ್ರತಿಯೊಬ್ಬರಿಗೂ ಸ್ವಂತ ಬಾಟಲಿ ಬಂತು. ಮಾಸ್ಕ್ ತೆಗೆದು ಸೀಟಿ ಊದುವುದನ್ನು ಬಿಟ್ಟು ನಾನು ಸ್ಟೀಲ್ ತಾಟನ್ನು ಬಡಿಯತೊಡಗಿದೆ.

ಇವೆಲ್ಲಕ್ಕಿಂತ ಹೆಚ್ಚು ಪ್ರಯೋಜನವಾದದ್ದು ಒಂದು ಹಳೆಯ ನಿಯಮವನ್ನು ಕೈಬಿಟ್ಟದ್ದರಿಂದ. ಮೂರು ದಿನ ತಪ್ಪಿಸಿದವನು ತಂಡದಲ್ಲಿ ಸ್ಥಾನ ಕಳೆದುಕೊಳ್ಳುತ್ತಿದ್ದ. ಆ ಹುಡುಗ ಗಂಟಲು ನೋವನ್ನು ಮುಚ್ಚಿಟ್ಟದ್ದು ಅದೇ ಭಯಕ್ಕೆ. ಲಕ್ಷಣ ಕಾಣುವ ಎರಡು ದಿನ ಮೊದಲೇ ಸೋಂಕು ಹರಡಬಲ್ಲುದಾದ್ದರಿಂದ ಥರ್ಮಾಮೀಟರ್ ಗನ್ನೊಂದನ್ನೇ ನಂಬುವಂತಿರಲಿಲ್ಲ. ಮನೆಯಲ್ಲಿ ಯಾರಿಗೆ ಕೆಮ್ಮು ಬಂದರೂ ಫೋನ್ ಮಾಡಿ, ನಿಮ್ಮ ಸ್ಥಾನ ಹಾಗೆಯೇ ಇರುತ್ತದೆ ಎಂದು ಪ್ರತಿಯೊಬ್ಬರ ಮನೆಗೂ ಹೋಗಿ ಹೇಳಿ ಬಂದೆ. ಆ ವಾರವೇ ಇಬ್ಬರು ಫೋನ್ ಮಾಡಿದರು.

ಗುಣವಾದ ಹುಡುಗನನ್ನು ಒಮ್ಮೆಲೇ ಅಂಕಣಕ್ಕೆ ಇಳಿಸಲಿಲ್ಲ. ಈ ಸೋಂಕಿನ ನಂತರ ಕೆಲವರ ಹೃದಯದ ಸ್ನಾಯುವಿಗೆ ಉರಿಯೂತ ಬರುವುದುಂಟೆಂದು ವೈದ್ಯರು ಎಚ್ಚರಿಸಿದ್ದರು. ಮೊದಲು ನಡಿಗೆ, ನಂತರ ನಿಧಾನ ಓಟ, ಕೊನೆಗೆ ದಾಳಿ; ಎದೆ ನೋವು, ತಲೆಸುತ್ತು ಕಂಡರೆ ಅಂದಿಗೆ ನಿಲುಗಡೆ. ಅವನು ಮತ್ತೆ ಮೊದಲ ದಾಳಿ ಮುಗಿಸಿ ಬಂದಾಗ ಮಣಿಕಟ್ಟು ಹಿಡಿದು ನಾಡಿ ಎಣಿಸಿದೆ, ಬಡಿತ ತಗ್ಗುವವರೆಗೂ ಕೈ ಬಿಡಲಿಲ್ಲ.